ಜೀವಕೋಶದಲ್ಲಿ ಗ್ರಂಥವೂ ಕಟ್ಟೂ: ಪ್ರೊಫೆಸರ್ ಎಂ. ಆರ್. ಎಸ್. ರಾವ್ ಅವರ ವಿದ್ಯಾಪರಿಶ್ರಮ

೧. ಪೀಠಿಕೆ

ಬೆಂಗಳೂರಿನ ಪಶ್ಚಿಮಭಾಗದಲ್ಲಿ, ಮೈಸೂರು ರಸ್ತೆಯನ್ನು ಹತ್ತಿಕೊಂಡು ಬೆಳೆದಿರುವ ಕೆಂಗೇರಿ ಉಪನಗರದ ಸಮೀಪದಲ್ಲಿಯೇ ಜ್ಞಾನಭಾರತಿಯೆಂಬ ವಿದ್ಯಾಕ್ಷೇತ್ರವಿದೆ. ೧೯೬೪ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಈಗ ಇದೇ ಮುಖ್ಯಸ್ಥಾನ. ಕನ್ನಡ ಸಾಹಿತ್ಯದ ಅಧ್ಯಾಪಕರಿಗೆ ಈ ಸ್ಥಳವು ಜಿ. ಎಸ್. ಶಿವರುದ್ರಪ್ಪನವರು ಬೆಳೆಸಿದ ಕನ್ನಡ ಅಧ್ಯಯನ ಕೇಂದ್ರದ ಮೂಲಕ ಸುಪರಿಚಿತವಾದುದು. ಆದರೆ ಇದೇ ವಿಶ್ವವಿದ್ಯಾನಿಲಯದ ಮೊದಲ ತಲೆಮಾರಿನ ಪದವೀಧರರಲ್ಲಿ ಒಬ್ಬರು, ಜೀವಕೋಶದ ಅಂತರ್ಭಾಗವನ್ನು ಕುರಿತು ನಾಲ್ಕು ದಶಕಗಳಿಗೂ ಮೀರಿ ಎಡೆಬಿಡದೆ ವಿಚಾರಮಾಡಿ, ದೇಶಾಂತರದ ವಿದ್ವಾಂಸರಿಂದಲೂ ಮನ್ನಣೆಯನ್ನು ಪಡೆದರೆಂಬುದು ಸಾಹಿತ್ಯವರ್ಗಕ್ಕೆ ಅಷ್ಟಾಗಿ ತಿಳಿದುಬಂದಿಲ್ಲ. ಅವರೇ ಪ್ರೊಫೆಸರ್ ಮಂಚನಹಳ್ಳಿ ರಂಗಸ್ವಾಮಿ ಸತ್ಯನಾರಾಯಣ ರಾವ್. ವಿದ್ವಲ್ಲೋಕದಲ್ಲಿ ಅವರು ಎಂ. ಆರ್. ಎಸ್. ರಾವ್ ಎಂದೇ ಪ್ರಸಿದ್ಧರು.

ಅವರ ಶಾಸ್ತ್ರವು ಸಾಹಿತ್ಯಾಭ್ಯಾಸಿಗಳಿಗೆ ದೂರವಾದುದೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಅವರು ಎತ್ತಿಕೊಂಡ ಪ್ರಶ್ನೆಗಳು ಎರಡು, ಮತ್ತು ಆ ಎರಡೂ ಗ್ರಂಥವಿಚಾರದಲ್ಲಿ ಪಳಗಿದವರಿಗೆ ಅಪರಿಚಿತವಲ್ಲ. ಗ್ರಂಥವು ಒಂದೇ ಆಗಿರಲು ಅದನ್ನು ಕಟ್ಟಿಡುವ ಮತ್ತು ಬಿಚ್ಚುವ ಕ್ರಮದಿಂದ ಅರ್ಥದಲ್ಲಿ ಭೇದವುಂಟಾಗುವುದೆ ಎಂಬುದು ಮೊದಲನೆಯದು. ಗ್ರಂಥದಲ್ಲಿ ಪ್ರಯೋಜನವಿಲ್ಲದಂತೆ ಕಾಣುವ ಭಾಗವು ನಿಜವಾಗಿಯೂ ನಿಷ್ಪ್ರಯೋಜನವೆ ಎಂಬುದು ಎರಡನೆಯದು. ಈ ಎರಡು ಪ್ರಶ್ನೆಗಳ ದಾರಿಯಲ್ಲಿ ಅವರ ವಿದ್ಯಾಭ್ಯಾಸವನ್ನೂ ಸಂಶೋಧನೆಯನ್ನೂ ನಿರೂಪಿಸುವುದು ಈ ಲೇಖನದ ಉದ್ದೇಶ.

೨. ಕೋಶವೆಂಬ ಶಬ್ದ

ಪ್ರಕೃತವಿಷಯಕ್ಕೆ ಮೊದಲು ಶಬ್ದವಿಚಾರವು ಅವಶ್ಯಕ. ಸಂಸ್ಕೃತದಲ್ಲಿ ಕೋಶವೆಂದರೆ ಬೊಕ್ಕಸ, ಕತ್ತಿಯ ಒರೆ, ಹೂವಿನ ಮೊಗ್ಗು, ರೇಷ್ಮೆಹುಳುವಿನ ಗೂಡು, ಶಬ್ದಗಳ ಸಂಗ್ರಹ ಎಂದು ಹಲವು ಅರ್ಥಗಳುಂಟು. ಒಳಗೆ ಬೆಲೆಯುಳ್ಳ ವಸ್ತುವನ್ನು ಇಟ್ಟುಕೊಂಡಿರುವ ಆವರಣವೆಂಬ ಭಾವವು ಇವೆಲ್ಲಕ್ಕೂ ಸಮಾನ. ತೈತ್ತಿರೀಯೋಪನಿಷತ್ತಿನ ವಿಚಾರದಲ್ಲಿ ಬರುವ ಅನ್ನಮಯಾದಿ ಪಂಚಕೋಶಗಳಲ್ಲಿಯೂ ಇದೇ ಭಾವವಿದೆ. ಆದರೆ ಅಲ್ಲಿಯ ಕೋಶವೇ ಬೇರೆ, ಜೀವಶಾಸ್ತ್ರದ ಕೋಶವೇ ಬೇರೆ. ಶಬ್ದಸಾಮ್ಯವನ್ನು ಕಂಡು ಪ್ರಾಚೀನರು ಇದನ್ನು ಮೊದಲೇ ಅರಿತಿದ್ದರೆಂದು ಹೇಳಹೊರಡುವುದು ಶಾಸ್ತ್ರಕ್ಕೂ ಪ್ರಾಚೀನರಿಗೂ ನ್ಯಾಯವಾಗಲಾರದು.

೧೬೬೫ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬಾತನು ಸೂಕ್ಷ್ಮದರ್ಶಕದಲ್ಲಿ ಬೆಂಡಿನ ತೆಳುಚೂರನ್ನು ನೋಡಿ, ಅದರಲ್ಲಿ ಜೇನುಹಟ್ಟಿನ ಕಣ್ಣುಗಳಂತಿರುವ ಸಣ್ಣ ಸಣ್ಣ ಕೋಣೆಗಳನ್ನು ಕಂಡನು. ಆತನಿಟ್ಟ ಹೆಸರಿಗೆ ಸಂನ್ಯಾಸಿಗಳ ಮಠದ ಕಿರುಕೋಣೆಯೆಂಬ ಅರ್ಥವಿದೆ. ಆತನು ಕಂಡುದು ಸತ್ತ ಕೋಶಗಳ ಬರಿಯ ಗೋಡೆಗಳನ್ನು. ಸಸ್ಯಗಳೆಲ್ಲವೂ ಕೋಶಗಳಿಂದಲೇ ಆದುವೆಂದು ೧೮೩೮ರಲ್ಲಿ ಷ್ಲೈಡನ್ನನೂ, ಪ್ರಾಣಿಗಳೂ ಹಾಗೆಯೇ ಎಂದು ೧೮೩೯ರಲ್ಲಿ ಷ್ವಾನ್ನನೂ ಪ್ರತಿಪಾದಿಸಿದರು. ಕೋಶವು ಕೋಶದಿಂದಲೇ ಹುಟ್ಟತಕ್ಕದ್ದೆಂಬ ನಿಯಮವನ್ನು ಅನಂತರ ವಿರ್ಖೋ ಎಂಬ ಜರ್ಮನಿಯ ವೈದ್ಯನು ಪ್ರಸಿದ್ಧಪಡಿಸಿದನು. ಹೀಗೆ ಬರಿಯ ಕೋಣೆಯೆಂದು ತಿಳಿದಿದ್ದುದು ಜೀವದ ಮೂಲಘಟಕವೆಂದು ನಿಶ್ಚಿತವಾಯಿತು. ಕನ್ನಡದ ‘ಜೀವಕೋಶ’ವೆಂಬ ಶಬ್ದವು ಇಂಗ್ಲಿಷಿನ ಮೂಲಶಬ್ದಕ್ಕಿಂತ ವಸ್ತುಸ್ಥಿತಿಗೆ ಹತ್ತಿರವಾಗಿದೆ. ಏಕೆಂದರೆ ಬೆಲೆಯುಳ್ಳುದು ಗೋಡೆಯಲ್ಲ, ಒಳಗಿರುವ ನಿಧಿ.

ಇಂತಹ ಶಬ್ದಗಳನ್ನು ಕನ್ನಡದಲ್ಲಿ ರೂಢಿಗೆ ತರಲು ಶ್ರಮಿಸಿದವರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಅಗ್ರಗಣ್ಯರು. ಅವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ ೧೯೧೮ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ನಡೆಸಿದುದಲ್ಲದೆ, ‘ಜೀವವಿಜ್ಞಾನ’ವೆಂಬ ಗ್ರಂಥವನ್ನೂ ರಚಿಸಿದರು. ಪಂಪಭಾರತವನ್ನು ಪರಿಷ್ಕರಿಸಿದ ಕೈಯೇ ಜೀವಶಾಸ್ತ್ರವನ್ನೂ ಬರೆಯಿತೆಂಬುದು ಕನ್ನಡದ ವಿದ್ವತ್ಪರಂಪರೆಯಲ್ಲಿ ಸ್ಮರಣೀಯವಾದ ಸಂಗತಿ.

೩. ವಿದ್ಯಾಭ್ಯಾಸ

ರಾವ್ ಅವರು ೧೯೪೮ನೆಯ ಜನವರಿ ೨೧ರಂದು ಮೈಸೂರಿನಲ್ಲಿ ಜನಿಸಿದರು. ಬಿ.ಎಸ್‌ಸಿ., ಎಂ.ಎಸ್‌ಸಿ. ಪದವಿಗಳನ್ನು ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಪಡೆದರು. ಆ ವಿಶ್ವವಿದ್ಯಾನಿಲಯವು ಆಗತಾನೆ ಹುಟ್ಟಿದ್ದಿತು. ಜ್ಞಾನಭಾರತಿಯ ಕ್ಷೇತ್ರವು ಇನ್ನೂ ಏರ್ಪಟ್ಟಿರಲಿಲ್ಲ. ನಗರಮಧ್ಯದ ಸೆಂಟ್ರಲ್ ಕಾಲೇಜೇ ಅದರ ಆಶ್ರಯವಾಗಿದ್ದಿತು. ಬಳಿಕ ಅವರು ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗವನ್ನು ಸೇರಿ, ೧೯೭೩ರಲ್ಲಿ ಡಾಕ್ಟರೇಟ್ ಪದವಿಯನ್ನು ಸಂಪಾದಿಸಿದರು.

ಅಲ್ಲಿ ಪ್ರೊಫೆಸರ್ ಜಿ. ಪದ್ಮನಾಭನ್ ಅವರೊಡನೆ ಅವರು ನಡೆಸಿದ ವಿಚಾರವು ಇಲಿಯ ಯಕೃತ್ತನ್ನು ಕುರಿತುದು. ರಕ್ತಕ್ಕೆ ಕೆಂಬಣ್ಣವನ್ನು ಕೊಡುವ ಹೀಮ್ ಎಂಬ ವಸ್ತುವು ಯಕೃತ್ತಿನಲ್ಲಿಯೂ ತಯಾರಾಗುತ್ತದೆ. ಆ ತಯಾರಿಕೆಯ ಮೊದಲ ಮೆಟ್ಟಿಲನ್ನು ನಡೆಸುವ ಕಿಣ್ವವು ಕೆಲವು ಔಷಧಗಳನ್ನು ಕೊಟ್ಟಾಗ ಒಮ್ಮೆಲೇ ಹೆಚ್ಚುವುದು. ಹೆಚ್ಚುವುದೇಕೆ, ತಗ್ಗುವುದೇಕೆ, ಅದಕ್ಕೆ ಅಪ್ಪಣೆಯನ್ನು ಕೊಡುವುದು ಯಾವುದು ಎಂಬಿವು ಆ ಶೋಧನೆಯ ಪ್ರಶ್ನೆಗಳು. ಮುಂದೆ ರಾವ್ ಅವರ ವಸ್ತುವು ಬದಲಾದರೂ ಪ್ರಶ್ನೆಯ ಸ್ವರೂಪವು ಬದಲಾಗಲಿಲ್ಲವೆಂಬುದನ್ನು ಗಮನಿಸಬೇಕು. ಒಂದೇ ಕೋಶದಲ್ಲಿ ಒಂದು ಕಾಲಕ್ಕೆ ಒಂದು ಕಾರ್ಯವು ನಡೆದು ಇನ್ನೊಂದು ಕಾಲಕ್ಕೆ ನಿಲ್ಲುವುದಕ್ಕೆ ಕಾರಣವೇನೆಂಬುದೇ ಆ ಪ್ರಶ್ನೆ.

ಅನಂತರ ಅವರು ಅಮೆರಿಕದ ಹ್ಯೂಸ್ಟನ್ ನಗರದ ಬೇಲರ್ ವೈದ್ಯಕೀಯ ವಿದ್ಯಾಲಯದಲ್ಲಿ ಕೆಲಕಾಲ ಸಂಶೋಧನೆ ನಡೆಸಿ, ಸ್ವದೇಶಕ್ಕೆ ಹಿಂತಿರುಗಿ ತಾವು ಓದಿದ ವಿಜ್ಞಾನ ಸಂಸ್ಥೆಯಲ್ಲಿಯೇ ಅಧ್ಯಾಪಕರಾದರು. ಸಕಲ ಸಾಧನಸಂಪತ್ತಿಯೂ ಇದ್ದ ದೇಶವನ್ನು ಬಿಟ್ಟು ಬಂದವರು ಆ ಕಾಲದಲ್ಲಿ ವಿರಳ. ಮುಂದಿನ ನಾಲ್ಕು ದಶಕಗಳಿಗೂ ಮೀರಿದ ಅವರ ಕಾರ್ಯವೆಲ್ಲವೂ ಬೆಂಗಳೂರಿನಲ್ಲಿಯೇ ನಡೆದುದು.

೪. ಓಲೆಯ ಕಟ್ಟು

ಅವರು ಆರಿಸಿಕೊಂಡ ವಸ್ತುವಿಗೆ ಕ್ರೊಮಾಟಿನ್ ಎಂದು ಹೆಸರು. ಇದನ್ನು ತಿಳಿಯಲು ಓಲೆಗರಿಯ ಗ್ರಂಥವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ದೃಷ್ಟಾಂತವು ಸರ್ವಾಂಶದಲ್ಲಿಯೂ ಹೊಂದಬೇಕಾದುದಿಲ್ಲ. ವಿವಕ್ಷಿತವಾದ ಅಂಶದಲ್ಲಿ ಹೊಂದಿದರೆ ಸಾಕು.

ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿಯೂ ಡಿ.ಎನ್.ಎ. ಎಂಬ ಎಳೆಯಿದೆ. ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬರುವ ಗುಣಗಳೆಲ್ಲಕ್ಕೂ ಇದೇ ಲೇಖ. ಈ ಲೇಖದ ಅಕ್ಷರಗಳು ನಾಲ್ಕೇ ನಾಲ್ಕು. ಇದರ ಎರಡೆಳೆಯ ಸುರುಳಿಯ ರೂಪವನ್ನು ವಾಟ್ಸನ್, ಕ್ರಿಕ್ ಎಂಬವರು ೧೯೫೩ರಲ್ಲಿ ಪ್ರಕಟಿಸಿದರು. ಮನುಷ್ಯನ ಒಂದು ಕೋಶದಲ್ಲಿರುವ ಈ ಎಳೆಗಳನ್ನು ಒಂದಕ್ಕೊಂದು ಸೇರಿಸಿ ನೀಳವಾಗಿ ಚಾಚಿದರೆ ಸುಮಾರು ೨ ಮೀಟರು ಉದ್ದವಾಗುತ್ತದೆ. ಅದನ್ನು ಅಡಗಿಸಿಕೊಂಡಿರುವ ಕೋಶಕೇಂದ್ರದ ಅಗಲವಾದರೋ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಇಷ್ಟು ಉದ್ದವಾದುದು ಇಷ್ಟು ಕಿರಿದಾದ ಎಡೆಯಲ್ಲಿ ಸಿಕ್ಕುಬೀಳದೆ ಹೇಗೆ ಅಡಗಿರುವುದು? ಸುತ್ತಿ ಕಟ್ಟಿರುವುದರಿಂದ. ಕಟ್ಟುವ ವಸ್ತುಗಳು ಹಿಸ್ಟೋನ್ ಎಂಬ ಪ್ರೋಟೀನುಗಳು. ಇವನ್ನು ೧೮೮೪ರಲ್ಲಿ ಕಂಡುಹಿಡಿದವನು ಜರ್ಮನಿಯ ಆಲ್ಬ್ರೆಖ್ಟ್ ಕೋಸೆಲ್. ಈ ಪ್ರೋಟೀನುಗಳೂ ಡಿ.ಎನ್.ಎ.ಯೂ ಕೂಡಿ ಆದುದೇ ಕ್ರೊಮಾಟಿನ್.

ಈ ಕಟ್ಟಿನ ಕ್ರಮವು ೧೯೭೪ರ ಸುಮಾರಿಗೆ ಸ್ಪಷ್ಟವಾಯಿತು. ನಾಲ್ಕು ಬಗೆಯ ಹಿಸ್ಟೋನುಗಳು ಎರಡೆರಡರಂತೆ ಕೂಡಿ ಎಂಟರ ಗುಂಪಾಗುತ್ತವೆ. ಆ ಗುಂಪಿನ ಸುತ್ತ ಸುಮಾರು ೧೪೭ ಜೋಡಿ ಅಕ್ಷರಗಳಷ್ಟು ಎಳೆಯು ಸುತ್ತಿಕೊಳ್ಳುತ್ತದೆ. ಇದಕ್ಕೆ ನ್ಯೂಕ್ಲಿಯೊಸೋಮ್ ಎಂದು ಹೆಸರು. ಜಪಮಾಲೆಯ ಮಣಿಗಳಂತೆ ಇಂತಹವು ಸಾಲುಸಾಲಾಗಿರುವುವು. ರಾವ್ ಅವರು ಈ ಕ್ಷೇತ್ರಕ್ಕೆ ಕಾಲಿಟ್ಟುದು ಇದು ಹೊಸದಾಗಿ ಬೆಳಕಿಗೆ ಬಂದ ಕಾಲದಲ್ಲಿಯೇ.

ಇಲ್ಲಿ ಮುಖ್ಯವಾದ ಅಂಶವು ಮತ್ತೊಂದಿದೆ. ಕಣ್ಣಿನ ಕೋಶದಲ್ಲಿಯೂ ಯಕೃತ್ತಿನ ಕೋಶದಲ್ಲಿಯೂ ಗ್ರಂಥವು ಒಂದೇ. ಆದರೂ ಕಣ್ಣು ಕಣ್ಣಾಗಿಯೂ ಯಕೃತ್ತು ಯಕೃತ್ತಾಗಿಯೂ ಇರುವುದಕ್ಕೆ ಕಾರಣ, ಎಲ್ಲೆಲ್ಲಿ ಕಟ್ಟು ಬಿಗಿಯಾಗಿದೆ, ಎಲ್ಲೆಲ್ಲಿ ಸಡಿಲವಾಗಿದೆ ಎಂಬ ಭೇದ. ಬಿಗಿದ ಕಟ್ಟಿನ ಗರಿಯನ್ನು ಯಾರೂ ಓದಲಾರರು. ಆದುದರಿಂದ ಕಟ್ಟು ಕೇವಲ ರಕ್ಷಣೆಗಾಗಿ ಅಲ್ಲ. ಯಾವ ಪುಟವನ್ನು ಯಾವಾಗ ಓದಬೇಕೆಂಬ ನಿಯಮವೂ ಕಟ್ಟಿನಲ್ಲಿಯೇ ಇದೆ.

೫. ಕಟ್ಟು ಬದಲಾಗುವ ಸ್ಥಾನ

ಕಟ್ಟಿನ ಸ್ವರೂಪವನ್ನು ಅರಿಯಬೇಕಾದರೆ ಅದು ಬದಲಾಗುವ ಸ್ಥಾನವನ್ನು ನೋಡಬೇಕು. ದೇಹದ ಕೋಶಗಳಲ್ಲಿ ಈ ಬದಲಾವಣೆಯು ಅಲ್ಲಲ್ಲಿ ಅಷ್ಟಷ್ಟು ಮಾತ್ರ. ಆದರೆ ಒಂದು ಸ್ಥಾನದಲ್ಲಿ ಹಳೆಯ ಕಟ್ಟನ್ನು ಹೆಚ್ಚುಕಡಮೆ ಪೂರ್ತಿಯಾಗಿ ಬಿಚ್ಚಿ, ಬೇರೊಂದು ದಾರದಿಂದ ಮತ್ತೆ ಕಟ್ಟುವುದುಂಟು. ಆ ಸ್ಥಾನವೇ ವೃಷಣ. ಆ ಕಾರ್ಯವೇ ವೀರ್ಯಾಣುವಿನ ನಿರ್ಮಾಣ. ರಾವ್ ಅವರು ಇಲಿಯ ವೃಷಣವನ್ನು ತಮ್ಮ ವಿಚಾರಕ್ಕೆ ಆರಿಸಿಕೊಂಡುದರ ಮರ್ಮವಿದು.

ಈ ನಿರ್ಮಾಣದಲ್ಲಿ ಅವಸ್ಥೆಗಳು ಹಲವು. ಮೂಲಕೋಶವು ಮೊದಲು ತನ್ನಂತೆಯೇ ಇರುವ ಕೋಶಗಳನ್ನು ಹುಟ್ಟಿಸುತ್ತದೆ. ಅವುಗಳಲ್ಲಿ ಕೆಲವು ಬೇರೊಂದು ಬಗೆಯ ವಿಭಜನೆಗೆ ಒಳಪಟ್ಟು, ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿಕೊಳ್ಳುತ್ತವೆ. ಆ ಸಂದರ್ಭದಲ್ಲಿ ತಂದೆಯ ಕಡೆಯ ತಂತುವೂ ತಾಯಿಯ ಕಡೆಯ ತಂತುವೂ ಪಕ್ಕಪಕ್ಕದಲ್ಲಿ ನಿಂತು ತಮ್ಮ ತುಂಡುಗಳನ್ನು ವಿನಿಮಯಮಾಡಿಕೊಳ್ಳುವುವು. ಆಮೇಲೆ ದುಂಡಗಿನ ಕೋಶವು ಉದ್ದವಾಗಿ, ಬಾಲವನ್ನು ಪಡೆದು, ವೀರ್ಯಾಣುವಾಗುತ್ತದೆ. ವಿಭಜನೆಯ ಕಾಲದಲ್ಲಿಯೇ ಸಾಮಾನ್ಯ ಹಿಸ್ಟೋನುಗಳಲ್ಲಿ ಕೆಲವಕ್ಕೆ ಬದಲಾಗಿ ವೃಷಣಕ್ಕೇ ವಿಶಿಷ್ಟವಾದ ಹಿಸ್ಟೋನುಗಳು ಬರುತ್ತವೆ. ಕೋಶವು ಉದ್ದವಾಗುವಾಗ ಹಿಸ್ಟೋನುಗಳು ಬಹುಮಟ್ಟಿಗೆ ಹೊರಟುಹೋಗಿ, ಸಂಕ್ರಮಣ ಪ್ರೋಟೀನುಗಳೆಂಬುವು ಅವುಗಳ ಸ್ಥಾನಕ್ಕೆ ಬರುತ್ತವೆ. ಅವೂ ಕೆಲಕಾಲವಿದ್ದು ಹೋಗಿ, ಕೊನೆಯಲ್ಲಿ ಪ್ರೋಟಮೀನುಗಳು ಬಂದು ಕಟ್ಟನ್ನು ಅತ್ಯಂತ ಬಿಗಿಯಾಗಿ ಬಿಗಿಯುತ್ತವೆ. ಪ್ರೋಟಮೀನನ್ನು ಸಾಲ್ಮನ್ ಮೀನಿನ ವೀರ್ಯದಲ್ಲಿ ೧೮೭೪ರಲ್ಲಿ ಮೊದಲು ಗುರುತಿಸಿದವನು ಸ್ವಿಟ್ಜರ್ಲೆಂಡಿನ ಮೀಷರ್. ಮೊದಲನೆಯದೂ ಕೊನೆಯದೂ ಹೀಗೆ ಹಿಂದಿನ ಶತಮಾನದಲ್ಲಿಯೇ ತಿಳಿದಿದ್ದುವು. ನಡುವೆ ಬಂದುಹೋಗುವ ಸಂಕ್ರಮಣ ಪ್ರೋಟೀನುಗಳ ಕೆಲಸವೇನೆಂಬುದು ಅಸ್ಪಷ್ಟವಾಗಿದ್ದಿತು.

ರಾವ್ ಅವರೂ ಅವರ ಶಿಷ್ಯರೂ ಈ ನಡುವಣ ಅವಸ್ಥೆಯನ್ನು ಹಿಡಿದರು. ಸಂಕ್ರಮಣ ಪ್ರೋಟೀನುಗಳಲ್ಲಿ ಮುಖ್ಯವಾದುವು ಎರಡು, ಅವಕ್ಕೆ ಟಿ.ಪಿ.೧, ಟಿ.ಪಿ.೨ ಎಂದು ಸಂಕೇತ. ಟಿ.ಪಿ.೧ ಎಂಬುದು ಡಿ.ಎನ್.ಎ.ಯ ಎರಡೆಳೆಗಳ ಬೆಸುಗೆಯನ್ನು ಸಡಿಲಿಸುವ ಸ್ವಭಾವವುಳ್ಳದ್ದೆಂದು ಅವರ ಪ್ರಯೋಗಾಲಯವು ೧೯೮೭ರಲ್ಲಿ ಪ್ರಕಟಿಸಿತು. ಟಿ.ಪಿ.೨ ಇದಕ್ಕೆ ವಿರುದ್ಧಸ್ವಭಾವದ್ದು. ಅದು ಎಳೆಗಳನ್ನು ಸ್ಥಿರಗೊಳಿಸಿ ಒತ್ತಾಗಿ ಕೂಡಿಸುತ್ತದೆ. ಈ ಕಾರ್ಯಕ್ಕೆ ಸತುವು ಬೇಕೆಂದೂ, ನಾಲ್ಕು ಅಕ್ಷರಗಳಲ್ಲಿ ಜಿ, ಸಿ ಎಂಬ ಎರಡು ಹೆಚ್ಚಾಗಿರುವ ಎಡೆಗಳನ್ನು ಅದು ವಿಶೇಷವಾಗಿ ಆಶ್ರಯಿಸುವುದೆಂದೂ ೧೯೯೫ರಲ್ಲಿ ತಪಸ್ ಕುಂಡು ಅವರೊಡನೆ ಬರೆದ ಲೇಖನದಲ್ಲಿ ತೋರಿಸಿದರು. ಒಂದು ಬಿಚ್ಚುವುದು, ಇನ್ನೊಂದು ಕಟ್ಟುವುದು. ಎರಡೂ ಏಕಕಾಲದಲ್ಲಿರುವುದರಿಂದಲೇ ಹಳೆಯ ಕಟ್ಟು ಬಿಚ್ಚಿಯೂ ಗರಿಗಳು ಚೆದರುವುದಿಲ್ಲವೆಂದು ಊಹಿಸಲು ಅವಕಾಶವಾಯಿತು.

೨೦೦೯ರಲ್ಲಿ ಇನ್ನೊಂದು ಸೂಕ್ಷ್ಮವು ಪ್ರಕಟವಾಯಿತು. ಟಿ.ಪಿ.೨ಕ್ಕೆ ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ಗುಂಪೊಂದು ಅಂಟಿದರೆ, ಅದು ಎಳೆಯನ್ನು ಒತ್ತುವ ಶಕ್ತಿಯು ತಗ್ಗುತ್ತದೆ. ವ್ಯಾಕರಣವನ್ನು ಓದಿದವರಿಗೆ ಇದು ಆಶ್ಚರ್ಯಕರವಲ್ಲ. ‘ಹೃ’ ಎಂಬ ಧಾತುವು ಒಂದೇ. ಉಪಸರ್ಗವು ಸೇರಿದೊಡನೆ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂದು ಅರ್ಥವು ಬೇರೆಬೇರೆಯಾಗುವುದು. ಧಾತುವಿಗೆ ಉಪಸರ್ಗವು ಹೇಗೋ ಪ್ರೋಟೀನಿಗೆ ಈ ಸಣ್ಣ ಗುಂಪುಗಳು ಹಾಗೆ. ಹಿಸ್ಟೋನುಗಳಲ್ಲಿಯೂ ಇಂತಹ ಸೇರ್ಪಡೆಗಳು ಅನೇಕವಿದ್ದು, ಕಟ್ಟಿನ ಬಿಗಿಯು ಬಹುಮಟ್ಟಿಗೆ ಅವುಗಳನ್ನೇ ಅವಲಂಬಿಸಿದೆ.

ಇದು ಕೇವಲ ಕುತೂಹಲದ ವಿಷಯವಲ್ಲ. ಹಿಸ್ಟೋನಿನಿಂದ ಪ್ರೋಟಮೀನಿಗೆ ಆಗಬೇಕಾದ ಈ ಮಾರ್ಪಾಟು ಕೆಟ್ಟಲ್ಲಿ ಪುರುಷನಲ್ಲಿ ಸಂತಾನಹೀನತೆಯುಂಟಾಗಬಹುದು. ಮಕ್ಕಳಾಗದಿದ್ದಾಗ ದೋಷವನ್ನೆಲ್ಲ ಹೆಣ್ಣಿನ ಮೇಲೆಯೇ ಹೊರಿಸಿ, ಮರುಮದುವೆಗೂ ಅದನ್ನೇ ನೆಪಮಾಡಿಕೊಳ್ಳುತ್ತಿದ್ದ ಸಮಾಜದಲ್ಲಿ, ಕಾರಣವು ಪುರುಷನ ಕೋಶದ ಒಳಗೂ ಇರಬಹುದೆಂದು ತೋರಿಸುವ ಶಾಸ್ತ್ರದ ಬೆಲೆಯನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

೬. ನಿರರ್ಥಕವೆಂದು ಎಣಿಸಿದ ಭಾಗ

ಎರಡನೆಯ ಪ್ರಶ್ನೆಗೆ ಈಗ ಬರಬಹುದು. ಡಿ.ಎನ್.ಎ. ಗ್ರಂಥದ ಒಂದೊಂದು ಭಾಗವು ಆರ್.ಎನ್.ಎ. ಎಂಬ ಪ್ರತಿಯಾಗಿ ನಕಲಾಗುತ್ತದೆ. ಆ ಪ್ರತಿಯು ಕೋಶಕೇಂದ್ರದಿಂದ ಹೊರಗೆ ಹೋಗಿ, ಅದರಂತೆ ಪ್ರೋಟೀನು ತಯಾರಾಗುತ್ತದೆ. ಕೋಶದ ಕೆಲಸಗಳನ್ನು ಬಹುಮಟ್ಟಿಗೆ ಪ್ರೋಟೀನುಗಳೇ ನಡೆಸುವುದರಿಂದ, ಪ್ರೋಟೀನನ್ನು ಹೇಳುವ ಭಾಗವೇ ಸಾರ್ಥಕವೆಂದು ಬಹುಕಾಲ ಎಣಿಕೆಯಿದ್ದಿತು. ಮನುಷ್ಯನಲ್ಲಿ ಇಂತಹ ಭಾಗವು ಗ್ರಂಥದ ನೂರರಲ್ಲಿ ೨ ಪಾಲನ್ನೂ ಮುಟ್ಟುವುದಿಲ್ಲ. ಉಳಿದುದರಲ್ಲಿ ಬಹುಭಾಗವು ಕಸವೆಂಬ ಮಾತನ್ನು ೧೯೭೨ರಲ್ಲಿ ಸುಸುಮು ಓನೊ ಎಂಬ ವಿದ್ವಾಂಸನು ಪ್ರಚಾರಕ್ಕೆ ತಂದನು.

ರಾವ್ ಅವರ ಪ್ರಯೋಗಾಲಯವು ಸುಂಡಿಲಿಯ ಎಂಟನೆಯ ವರ್ಣತಂತುವಿನಲ್ಲಿ, ತುಂಡುಗಳ ವಿನಿಮಯವು ಹೆಚ್ಚಾಗಿ ನಡೆಯುವ ಒಂದು ಎಡೆಯನ್ನು ಪರೀಕ್ಷಿಸುತ್ತಿದ್ದಿತು. ಆ ಎಡೆಯು ಒಂದು ಜೀನಿನ ಒಳಗಿದ್ದರೂ, ಪ್ರೋಟೀನು ತಯಾರಾಗುವ ಮುನ್ನ ಕತ್ತರಿಸಿಹೋಗತಕ್ಕ ಭಾಗದಲ್ಲಿದ್ದಿತು. ಆದರೆ ಅಲ್ಲಿಂದ ೨,೪೦೦ ಅಕ್ಷರಗಳ ಒಂದು ಸ್ವತಂತ್ರವಾದ ಆರ್.ಎನ್.ಎ. ಹುಟ್ಟುತ್ತಿರುವುದು ಕಂಡುಬಂದಿತು. ಅದು ಯಾವ ಪ್ರೋಟೀನನ್ನೂ ಹೇಳುವುದಿಲ್ಲ. ಕೋಶಕೇಂದ್ರವನ್ನು ಬಿಟ್ಟು ಹೊರಗೂ ಹೋಗುವುದಿಲ್ಲ. ಅದಕ್ಕೆ ಎಂ.ಆರ್.ಎಚ್.ಎಲ್. ಎಂಬ ನಾಲ್ಕಕ್ಷರದ ಹೆಸರನ್ನಿಟ್ಟು ೨೦೦೪ರಲ್ಲಿ ಪ್ರಕಟಿಸಿದರು. ಹುಟ್ಟಿದ ಸ್ಥಳದ ಕಾರ್ಯವನ್ನು ಸೂಚಿಸುವ ಶಬ್ದಗಳ ಮೊದಲಕ್ಷರಗಳಿಂದಾದ ಹೆಸರು ಅದು.

ಹೊರಗೆ ಹೋಗದೆ, ಪ್ರೋಟೀನನ್ನು ಹೇಳದೆ ಇರುವ ಈ ಪ್ರತಿಯು ಮಾಡುವುದೇನು? ಉತ್ತರಕ್ಕೆ ಎಂಟು ವರ್ಷಗಳು ಹಿಡಿದುವು. ವೀರ್ಯಾಣುವಿನ ಮೂಲಕೋಶಗಳಲ್ಲಿ ಈ ಆರ್.ಎನ್.ಎ. ಪಿ೬೮ ಎಂಬ ಪ್ರೋಟೀನಿನೊಡನೆ ಸೇರಿ, ವಿಂಟ್ ಎಂಬ ಸಂದೇಶಮಾರ್ಗವನ್ನು ಅಡಗಿಸಿಡುತ್ತದೆಂದು ೨೦೧೨ರ ಲೇಖನವು ತೋರಿಸಿತು. ಹೊರಗಿನಿಂದ ಆ ಸಂದೇಶವು ಬಂದಾಗ ಈ ಆರ್.ಎನ್.ಎ. ಕುಗ್ಗುತ್ತದೆ, ಅದರಿಂದ ತಡೆಹಿಡಿಯಲ್ಪಟ್ಟಿದ್ದ ಜೀನುಗಳು ಜಾಗೃತವಾಗುತ್ತವೆ, ಕೋಶವು ವೀರ್ಯಾಣುವಾಗುವ ಮುಂದಿನ ಮೆಟ್ಟಿಲಿಗೆ ಸಾಗಲು ಇದು ದಾರಿಯಾಗುತ್ತದೆ. ಕಸವೆಂದು ಎಣಿಸಬಹುದಾಗಿದ್ದ ಎಡೆಯಿಂದ ಹುಟ್ಟಿದುದು ಹೀಗೆ ಕಾವಲುಗಾರನ ಕೆಲಸವನ್ನು ಮಾಡುತ್ತಿದ್ದಿತು.

ಪೂರ್ವಮೀಮಾಂಸೆಯನ್ನು ಬಲ್ಲವರಿಗೆ ಇಲ್ಲಿ ಜೈಮಿನಿಯ ಮೊದಲ ಅಧ್ಯಾಯದ ಎರಡನೆಯ ಪಾದವು ನೆನಪಿಗೆ ಬಾರದಿರದು. ವೇದದ ಪ್ರಯೋಜನವು ಕರ್ಮವನ್ನು ವಿಧಿಸುವುದು. ಹೀಗಿರಲಾಗಿ ವಿಧಿಯನ್ನು ಹೇಳದ ವಾಕ್ಯಗಳು ನಿರರ್ಥಕವೆಂಬುದು ಅಲ್ಲಿಯ ಪೂರ್ವಪಕ್ಷ. ಅಂತಹ ವಾಕ್ಯಗಳು ತಾವಾಗಿ ವಿಧಿಸದಿದ್ದರೂ ವಿಧಿಯೊಡನೆ ಏಕವಾಕ್ಯತೆಯನ್ನು ಪಡೆದು, ಅದಕ್ಕೆ ಪ್ರಶಂಸೆಯ ಮೂಲಕ ಬಲವನ್ನು ಕೊಟ್ಟು ಸಾರ್ಥಕವಾಗುತ್ತವೆಂಬುದು ಸಿದ್ಧಾಂತ. ಪ್ರೋಟೀನನ್ನು ಹೇಳುವ ಭಾಗವನ್ನು ವಿಧಿಯೆಂದು ಇಟ್ಟುಕೊಂಡರೆ, ಎಂ.ಆರ್.ಎಚ್.ಎಲ್. ಅರ್ಥವಾದಸ್ಥಾನದಲ್ಲಿ ನಿಲ್ಲುತ್ತದೆ. ಅದು ತಾನಾಗಿ ಏನನ್ನೂ ನಿರ್ಮಿಸದು. ನಿರ್ಮಿಸುವುದಕ್ಕೆ ಕಾಲಾಕಾಲಗಳ ನಿಯಮವನ್ನು ಕೊಡುವುದು.

೭. ಶಂಕೆಯೂ ಸಮಾಧಾನವೂ

ಹಾಗಾದರೆ ಗ್ರಂಥದಲ್ಲಿ ವ್ಯರ್ಥವಾದುದು ಒಂದಕ್ಷರವೂ ಇಲ್ಲವೆಂದು ಹೇಳಬಹುದೆ ಎಂದು ಶಂಕೆಯುಂಟಾಗಬಹುದು. ಹಾಗೆ ಹೇಳಲಾಗದು. ಇಲ್ಲಿಯೇ ಮೀಮಾಂಸೆಯ ದೃಷ್ಟಾಂತವು ನಿಲ್ಲುತ್ತದೆ. ವೇದವು ಅಪೌರುಷೇಯವಾದುದರಿಂದ ಅದರಲ್ಲಿ ವ್ಯರ್ಥವು ಇರಲಾರದೆಂಬುದು ಮೀಮಾಂಸಕನಿಗೆ ಮೊದಲೇ ಸಿದ್ಧವಾದ ಪ್ರತಿಜ್ಞೆ. ಜೀವಶಾಸ್ತ್ರಜ್ಞನಿಗೆ ಅಂತಹ ಪ್ರತಿಜ್ಞೆಯಿಲ್ಲ. ಕೋಟ್ಯಂತರ ವರ್ಷಗಳಲ್ಲಿ ನಕಲಿನ ಮೇಲೆ ನಕಲಾಗಿ ಬಂದ ಲೇಖದಲ್ಲಿ, ಓಲೆಗ್ರಂಥದಲ್ಲಿ ಲೇಖಕಪ್ರಮಾದಗಳು ಉಳಿಯುವಂತೆ, ಪುನರುಕ್ತಿಗಳೂ ಪ್ರಕ್ಷೇಪಗಳೂ ಉಳಿದಿರುವುದು ಸಂಭಾವ್ಯವೇ. ೨೦೧೨ರಲ್ಲಿ ಎನ್‌ಕೋಡ್ ಎಂಬ ಅಂತರರಾಷ್ಟ್ರೀಯ ವಿದ್ವತ್ಸಮೂಹವು ಮಾನವನ ಗ್ರಂಥದಲ್ಲಿ ನೂರಕ್ಕೆ ೮೦ ಪಾಲಿಗೆ ಏನಾದರೊಂದು ರಾಸಾಯನಿಕ ಕಾರ್ಯವುಂಟೆಂದು ಸಾರಿದಾಗ, ಕಾರ್ಯವೆಂಬ ಶಬ್ದವನ್ನು ಅತಿವ್ಯಾಪ್ತಿದೋಷಕ್ಕೆ ಗುರಿಮಾಡಲಾಗಿದೆಯೆಂದು ಅನೇಕರು ತೀವ್ರವಾಗಿ ಆಕ್ಷೇಪಿಸಿದರು. ಆ ವಾದವು ಇನ್ನೂ ಪೂರ್ಣವಾಗಿ ಶಾಂತವಾಗಿಲ್ಲ.

ರಾವ್ ಅವರ ಮಾರ್ಗವು ಈ ಎರಡು ಪಕ್ಷಗಳಿಗೂ ಪಾಠವನ್ನು ಹೇಳುವಂತಹುದು. ಎಲ್ಲವೂ ಸಾರ್ಥಕವೆಂದಾಗಲಿ ಎಲ್ಲವೂ ಕಸವೆಂದಾಗಲಿ ಮೊದಲೇ ಸಾರದೆ, ಒಂದೇ ಒಂದು ಎಡೆಯನ್ನು ಹಿಡಿದು, ಅದರಿಂದ ಹುಟ್ಟುವುದೇನು, ಅದು ಎಲ್ಲಿರುವುದು, ಯಾವುದರೊಡನೆ ಸೇರುವುದು, ಅದನ್ನು ಕುಗ್ಗಿಸಿದರೆ ಏನಾಗುವುದು ಎಂದು ವರ್ಷಗಟ್ಟಲೆ ಪ್ರಯೋಗಮಾಡಿ, ಕಂಡಷ್ಟನ್ನು ಮಾತ್ರ ಹೇಳಿದರು. ಪಾಠಾಂತರವನ್ನು ನಿರ್ಣಯಿಸುವ ಸಂಪಾದಕನು ಕ್ಲಿಷ್ಟವಾದ ಶಬ್ದವನ್ನು ಕಂಡೊಡನೆ ಅಪಪಾಠವೆಂದು ತಳ್ಳದೆ, ಪೂಜ್ಯವೆಂದು ಒಪ್ಪಿಯೂ ಬಿಡದೆ, ಪ್ರತಿಗಳನ್ನು ಹೋಲಿಸಿ ನೋಡುವನಷ್ಟೆ. ಆ ಸಂಪಾದಕನ ಶೀಲವೇ ಇದು.

೮. ಶಿಷ್ಯಪರಂಪರೆ, ಸಂಸ್ಥೆ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದ ರಾವ್ ಅವರು ೨೦೦೩ರಿಂದ ೨೦೧೩ರವರೆಗೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಅಧ್ಯಕ್ಷರಾಗಿದ್ದರು. ೧೯೮೯ರಲ್ಲಿ ಸ್ಥಾಪಿತವಾದ ಆ ಕೇಂದ್ರದ ಆಡಳಿತಭಾರವನ್ನು ಹೊತ್ತಿದ್ದಾಗಲೂ ಪ್ರಯೋಗಾಲಯವನ್ನು ಬಿಡಲಿಲ್ಲವೆಂಬುದಕ್ಕೆ ಮೇಲೆ ಹೇಳಿದ ೨೦೦೪, ೨೦೦೯, ೨೦೧೨ರ ಲೇಖನಗಳೇ ಸಾಕ್ಷಿ. ಮಿದುಳಿನಲ್ಲಿ ಹುಟ್ಟುವ ಗ್ಲಯೋಮ ಎಂಬ ಗಂತಿಯ ಬಗೆಗಳನ್ನು ಜೀನುಗಳ ವರ್ತನೆಯಿಂದ ಗುರುತಿಸುವ ಕಾರ್ಯದಲ್ಲಿಯೂ ವಿಜ್ಞಾನ ಸಂಸ್ಥೆ, ನಿಮ್ಹಾನ್ಸ್ ಮುಂತಾದ ಕಡೆಯ ವಿದ್ವಾಂಸರೊಡನೆ ಅವರು ಪಾಲುಗೊಂಡರು. ಭಾರತ ಸರ್ಕಾರವು ೨೦೧೦ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ಅವರೊಡನೆ ಕೆಲಸ ಕಲಿತ ತಪಸ್ ಕುಂಡು ಅವರು ಮುಂದೆ ಅದೇ ಜಕ್ಕೂರಿನ ಕೇಂದ್ರದಲ್ಲಿ ಕ್ರೊಮಾಟಿನ್ ವಿಚಾರವನ್ನು ಸ್ವತಂತ್ರವಾಗಿ ಬೆಳೆಸಿ, ಲಖ್ನೋದ ಕೇಂದ್ರೀಯ ಔಷಧ ಸಂಶೋಧನ ಸಂಸ್ಥೆಯ ನಿರ್ದೇಶಕರೂ ಆದರು. ಹೀಗೆ ವಿದ್ಯೆಯು ಶಿಷ್ಯರಲ್ಲಿ ಮುಂದುವರಿಯಿತು. ರಾವ್ ಅವರು ೨೦೨೩ನೆಯ ಆಗಸ್ಟ್ ೧೩ರಂದು ಬೆಂಗಳೂರಿನಲ್ಲಿ ದಿವಂಗತರಾದರು.

೯. ಉಪಸಂಹಾರ

ಮೇಲೆ ವಿವರಿಸಿದ ಲೇಖನಗಳೆಲ್ಲವೂ ಇಂಗ್ಲಿಷಿನಲ್ಲಿವೆ. ಶಾಸ್ತ್ರವು ಲೋಕದ ವಿದ್ವಾಂಸರೆಲ್ಲರ ಮುಂದೆ ನಿಲ್ಲಬೇಕಾದುದರಿಂದ ಅದು ಅನಿವಾರ್ಯವೆಂದು ಒಪ್ಪಬೇಕು. ಆದರೆ ಅದರ ಸಾರವನ್ನು ಈ ನಾಡಿನ ಭಾಷೆಗೆ ಇಳಿಸುವ ಹೊಣೆಯು ಶಾಸ್ತ್ರಜ್ಞರದು ಮಾತ್ರವಲ್ಲ. ಭಾಷೆಯ ಅಧ್ಯಾಪಕರದೂ ಹೌದು. ಬೆಳ್ಳಾವೆಯವರ ಕಾಲದಲ್ಲಿ ಈ ಎರಡು ವರ್ಗಗಳು ಒಂದೇ ಮೇಜಿನ ಮುಂದೆ ಕುಳಿತಿದ್ದುವು. ಈಗ ಜ್ಞಾನಭಾರತಿಯಂತಹ ಒಂದೇ ಆವರಣದಲ್ಲಿ ಕನ್ನಡ ವಿಭಾಗವೂ ವಿಜ್ಞಾನ ವಿಭಾಗಗಳೂ ಇದ್ದರೂ, ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದು ಅಪರೂಪ. ಕ್ರೊಮಾಟಿನ್, ಹಿಸ್ಟೋನ್ ಎಂಬ ಹೆಸರುಗಳನ್ನು ಇದ್ದಂತೆಯೇ ಇಟ್ಟುಕೊಳ್ಳುವುದರಲ್ಲಿ ಬಾಧಕವಿಲ್ಲ. ಹೆಸರಲ್ಲ, ವಿಚಾರವು ಕನ್ನಡದಲ್ಲಿ ನಡೆಯಬೇಕಾದುದು.

ಕಟ್ಟನ್ನು ಅರಿಯದೆ ಗ್ರಂಥವನ್ನು ಅರಿಯಲಾಗದೆಂಬುದೂ, ನಿರರ್ಥಕವೆಂದು ತೋರುವುದನ್ನು ಪರೀಕ್ಷಿಸದೆ ತಳ್ಳಬಾರದೆಂಬುದೂ ರಾವ್ ಅವರ ಸಂಶೋಧನೆಯಿಂದ ಹೊ೦ದಬಹುದಾದ ಎರಡು ಫಲಗಳು. ಕೆಂಗೇರಿಯ ಕಡೆಯಿಂದ ಜ್ಞಾನಭಾರತಿಗೆ ಬರುವ ಸಾಹಿತ್ಯವಿದ್ಯಾರ್ಥಿಗೆ ಓಲೆಗ್ರಂಥವನ್ನು ತೋರಿಸುವಾಗ, ತನ್ನ ದೇಹದ ಒಂದೊಂದು ಕೋಶದಲ್ಲಿಯೂ ಅದಕ್ಕಿಂತ ಹಳೆಯದಾದ ಗ್ರಂಥವೊಂದು ಕಟ್ಟಿಕೊಂಡಿದೆಯೆಂದೂ, ಆ ಕಟ್ಟು ಬದಲಾಗುವ ಬಗೆಯನ್ನು ಇದೇ ವಿಶ್ವವಿದ್ಯಾನಿಲಯದಲ್ಲಿ ಓದಿದವರೊಬ್ಬರು ಬಹುಮಟ್ಟಿಗೆ ತಿಳಿಸಿಕೊಟ್ಟರೆಂದೂ ಅಧ್ಯಾಪಕನು ಒಂದು ಮಾತನ್ನು ಹೇಳಿದರೆ, ಆ ಪಾಠವು ಪೂರ್ಣವಾಗುವುದು.